ಉಗ್ರಾಣ ಎಂದು ತೋರಿಸಿದ ಮನೆ

ಜನವರಿ 11

ಪುಟ್ಟಾ,

ಆ ಬೆಟ್ಟದ ಸಂದಿಯಿಂದ ನಿನ್ನ ಫೋನು ಕೊರ್ ಕೊರ್ ಅನ್ನುವುದನ್ನು ಕೇಳಿ ಕೇಳಿ ಸಾಕಾಗಿ ಕಾಗದ ಹಿಡಿದಿದ್ದೇನೆ. ಸುರಂಗ ಕೊರೆಯುವವರಿಗೆ ವಾರಕ್ಕೊಮ್ಮೆ ಲಾರಿಯಲ್ಲಿ ದಿನಸಿ ಬರುತ್ತದಲ್ಲ, ಅದರ ಜೊತೆ ಇದೂ ಬರಲಿ. ಪೂರ್ತಿ ಓದು. ನೀನು ಚಿಕ್ಕಂದಿನಿಂದಲೂ ಅರ್ಧ ಕೇಳಿ 'ಸರಿ ಅಕ್ಕ' ಅನ್ನುವವನು.

ವಿಷಯ ಇಷ್ಟು. ನಾವು ಬಾಡಿಗೆಗಿರುವ ಸಾಲುಮನೆಗಳನ್ನು ಮಾಲೀಕ ಮಾರಿಬಿಟ್ಟಿದ್ದಾನೆ. ವರ್ಷ ಮುಗಿಯುವುದರೊಳಗೆ ಎಲ್ಲರೂ ಗಂಟುಮೂಟೆ ಕಟ್ಟಬೇಕು. ಆಗ ನನಗೆ ನೆನಪಾದದ್ದು ಅಪ್ಪ ನಮ್ಮಿಬ್ಬರ ಹೆಸರಿಗೆ ಬಿಟ್ಟುಹೋದ ಸೈಟು. ಅಲ್ಲಿ ನಾಲ್ಕು ಪುಟ್ಟ ಮನೆ ಎದ್ದರೆ ನಾವು, ನೀನು, ಪಕ್ಕದ ಮನೆಯ ನರ್ಸಮ್ಮ, ಎದುರುಮನೆಯ ಕತ್ತರಿ, ನಾಲ್ವರ ತಲೆಯ ಮೇಲೂ ಸೂರು. ಕತ್ತರಿ ಗೊತ್ತಲ್ಲ? ನಿನ್ನ ಕೂದಲು ಕತ್ತರಿಸುತ್ತಾ ಕಿವಿಯನ್ನೂ ಸ್ವಲ್ಪ ಕತ್ತರಿಸಿದ್ದನಲ್ಲ, ಅವನೇ. ನರ್ಸಮ್ಮ ಮಗಳನ್ನೂ ಮುದುಕಿ ತಾಯಿಯನ್ನೂ ಒಬ್ಬಳೇ ಸಾಕುತ್ತಿದ್ದಾಳೆ. ಇಬ್ಬರೂ ತಮ್ಮ ಪಾಲು ಹಾಕುತ್ತಾರೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ನಗರಸಭೆಗೆ ಹೋಗಿ ಕೇಳಿದರೆ, ಮೂರು ಮನೆಯವರೆಗೆ ಸುಲಭ, ನಾಲ್ಕನೆಯದು ಬಂದರೆ ಅದು ಅಪಾರ್ಟ್‌ಮೆಂಟ್ ಅಂದರು. ಲಿಫ್ಟು ಬೇಕಂತೆ, ಅಗಲವಾದ ಮೆಟ್ಟಿಲು ಬೇಕಂತೆ, ಬೆಂಕಿ ಆರಿಸಲು ಟ್ಯಾಂಕು, ಕೊಳಚೆ ನೀರು ತಿಳಿಮಾಡಲು ಒಂದು ಯಂತ್ರ. ಅದರ ಖರ್ಚು ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ನಾನು ಯೂನಿಫಾರ್ಮ್ ಹೊಲಿಯುವವಳು, ನಿನ್ನ ಭಾವ ರಿಟೈರಾದ ಕಂಡಕ್ಟರು. ನಕ್ಷೆ ಬರೆಯುವುದೇ ನಿನ್ನ ಕಸುಬು. ಏನಾದರೂ ದಾರಿ ಹೇಳು.

ಅಕ್ಕ


ಜನವರಿ 30

ಅಕ್ಕನಿಗೆ ನಮಸ್ಕಾರ.

ಪೂರ್ತಿ ಓದಿದೆ. ಕಿವಿಯ ಗಾಯದ ಗುರುತು ಇನ್ನೂ ಇದೆ, ಕತ್ತರಿಗೆ ಹೇಳು.

ದಾರಿ ಇದೆ. ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರಬೇಕು. ನಕ್ಷೆಯಲ್ಲಿ ಮೂರು ಮನೆ ತೋರಿಸಿ, ನಾಲ್ಕನೆಯದನ್ನು ಉಗ್ರಾಣ ಅಂತ ತೋರಿಸಿ. ಕಟ್ಟಡ ಮುಗಿದು ನಗರಸಭೆಯ ಪ್ರಮಾಣಪತ್ರ ಕೈಗೆ ಬಂದ ಮೇಲೆ ಉಗ್ರಾಣಕ್ಕೆ ಕಿಟಕಿ ಇಟ್ಟು, ಅಡುಗೆ ಕಟ್ಟೆ ಹಾಕಿ, ಮನೆ ಮಾಡಿಕೊಳ್ಳಿ. ಎಲ್ಲ ಕಡೆ ನಡೆಯುವುದೇ ಇದು. ಇಲ್ಲಿಗೆ ಬರುವ ಮುಂಚೆ ಅಂಥ ಎಷ್ಟೋ ನಕ್ಷೆ ನಾನೇ ಬರೆದಿದ್ದೇನೆ. ಕೆಳಗಡೆ ವಾಹನ ನಿಲ್ಲಿಸಲು ಜಾಗ ಬಿಡಲೇಬೇಕು, ಅದರಲ್ಲಿ ಆಟ ಆಡಬೇಡಿ.

ಯಾವುದನ್ನು ಉಗ್ರಾಣ ಅನ್ನುವುದು ಎಂದು ನೀವೇ ಕೂತು ತೀರ್ಮಾನಿಸಿ. ಕೆಳಗಿನದನ್ನೂ ಅನ್ನಬಹುದು, ತಾರಸಿಯದನ್ನೂ ಅನ್ನಬಹುದು. ಖರ್ಚಿನ ಅಂದಾಜಿನಲ್ಲಿ ಅನಿರೀಕ್ಷಿತ ಖರ್ಚು ಅಂತ ಒಂದು ಭಾಗ ಇಡಲು ಮರೆಯಬೇಡಿ.

ನನ್ನ ಉಳಿತಾಯ ಪೂರ್ತಿ ಕಳಿಸುತ್ತೇನೆ. ನನಗೆ ಕೆಳಗಡೆ ಹಿಂದಿನ ಮನೆ ಕೊಡಿ. ಹಿಂದೆ ಬಯಲು ಇದೆಯಲ್ಲ, ಆ ಕಡೆಗೆ ಒಂದು ದೊಡ್ಡ ಕಿಟಕಿ ಇದ್ದರೆ ಸಾಕು. ದಿನವಿಡೀ ಸುರಂಗದೊಳಗೆ ಅಳತೆ ಹಿಡಿದು ಹಿಡಿದು ಬೆಳಕು ನೋಡಿದರೆ ಆಸೆಯಾಗುತ್ತದೆ. ಇಲ್ಲಿ ಎಲ್ಲರಿಗೂ ಶೀತ, ಕೆಮ್ಮು. ನನಗೂ ಇದೆ, ಹೋಗುತ್ತದೆ.

ಪುಟ್ಟ


ಮಾರ್ಚ್ 18

ಪುಟ್ಟಾ,

ಪರವಾನಗಿ ಸಿಕ್ಕಿತು ಕಣೋ! ನಿನ್ನ ತಲೆಗೆ ಬೆಳ್ಳಿ ಕಿರೀಟ ಇಡಬೇಕು. ನಕ್ಷೆಯನ್ನು ಇಲ್ಲಿಯವನೇ ಒಬ್ಬ ಬರೆದುಕೊಟ್ಟ. ಮೇಜಿನ ಹಿಂದೆ ಕೂತ ಗುಮಾಸ್ತ 'ಇಷ್ಟು ದೊಡ್ಡ ಉಗ್ರಾಣ ಯಾಕಮ್ಮಾ?' ಅಂತ ಕೇಳಿದ್ದಕ್ಕೆ ನಿನ್ನ ಭಾವ 'ಇವಳು ಹೊಲಿಯೋ ಬಟ್ಟೆ ಮೂಟೆ ಇಡೋಕೆ ಸ್ವಾಮಿ, ನನ್ನನ್ನೂ ಅಲ್ಲೇ ಇಡ್ತಾಳೆ' ಅಂದರು. ಅವನು ನಕ್ಕು ಠಸ್ಸೆ ಒತ್ತಿದ.

ಬ್ಯಾಂಕಿನವರು ಮಾತ್ರ ಜೀವ ಹಿಂಡಿದರು. ನಮ್ಮದು, ನರ್ಸಮ್ಮನದು, ಕತ್ತರಿಯದು, ಮೂರಕ್ಕೂ ಸಾಲ ಮಂಜೂರಾಗಿದೆ. ಒಟ್ಟಿಗೆ ಕೊಡುವುದಿಲ್ಲವಂತೆ. ಅಡಿಪಾಯಕ್ಕೆ ಒಂದು ಕಂತು, ಒಂದೊಂದು ಛಾವಣಿಗೆ ಒಂದೊಂದು ಕಂತು, ಕೊನೆಯದು ಪ್ರಮಾಣಪತ್ರ ತೋರಿಸಿದ ಮೇಲೆ. ನೀನು ಕಳಿಸಿದ ದುಡ್ಡಿನಲ್ಲಿ ಅಡಿಪಾಯ ಶುರು ಮಾಡಿದ್ದೇವೆ. ಅನಿರೀಕ್ಷಿತ ಖರ್ಚಿನ ಭಾಗವನ್ನು ಹೊಡೆದುಹಾಕಿದೆವು. ನಿನ್ನ ಭಾವನ ಮಾತು: 'ನಿರೀಕ್ಷಿತಕ್ಕೇ ಕಾಸಿಲ್ಲ, ಅನಿರೀಕ್ಷಿತಕ್ಕೆ ಎಲ್ಲಿಂದ ತರೋದು?'

ಸೈಟಿನಲ್ಲಿ ನಿನ್ನ ಹೆಸರೂ ಇರುವುದರಿಂದ ಇದರ ಜೊತೆಗಿರುವ ಕಾಗದಪತ್ರಕ್ಕೆಲ್ಲ ನಿನ್ನ ಸಹಿ ಬೇಕು. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಓದುತ್ತಾ ಕೂರಬೇಡ, ಅದೇ ಲಾರಿಯಲ್ಲಿ ವಾಪಸ್ ಕಳಿಸು. ಉಗ್ರಾಣದ ವಿಷಯ ಎಲ್ಲ ಬಗೆಹರಿದಿದೆ, ಅದಕ್ಕೆ ನೀನು ತಲೆ ಕೆಡಿಸಿಕೊಳ್ಳುವುದು ಬೇಡ.

ಅಕ್ಕ


ಏಪ್ರಿಲ್ 3

ಅಕ್ಕನಿಗೆ ನಮಸ್ಕಾರ.

ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿದ್ದೇನೆ. ಲಾರಿ ಹೊರಡುವುದರೊಳಗೆ ಇಷ್ಟೇ ಬರೆಯಲು ಆಗುವುದು.

ನನ್ನ ಮನೆಯ ಕಿಟಕಿ ಎಷ್ಟು ಅಗಲ? ತಿಳಿಸು.

ಪುಟ್ಟ


ಜೂನ್ 9

ಪುಟ್ಟಾ,

ಮನೆ ಕಟ್ಟಿ ನೋಡು ಅಂತ ಯಾಕೆ ಹೇಳಿದರು ಅಂತ ಈಗ ಗೊತ್ತಾಯಿತು. ಮೊದಲ ಛಾವಣಿ ಬಿತ್ತು. ಬಿತ್ತು ಅಂದರೆ ಹಾಕಿದೆವು, ಎದೆ ಒಡೆದುಕೊಳ್ಳಬೇಡ. ಸಿಮೆಂಟಿನ ಬೆಲೆ ಏರಿದೆ, ಕಬ್ಬಿಣದ್ದಂತೂ ಕೇಳಬೇಡ. ಬ್ಯಾಂಕಿನ ಕಂತು ಬರುವ ತನಕ ಕೂಲಿ ಕೊಡಲು ಕತ್ತರಿ ಅಂಗಡಿಯ ಎರಡನೇ ಕುರ್ಚಿ ಮಾರಿದ. ಈಗ ಗಿರಾಕಿಗಳು ಬಾಗಿಲಲ್ಲಿ ನಿಂತು ಕಾಯುತ್ತಾರೆ. ನರ್ಸಮ್ಮ ರಾತ್ರಿ ಪಾಳಿಯನ್ನೂ ಒಪ್ಪಿಕೊಂಡಿದ್ದಾಳೆ. ಅವಳ ಕಣ್ಣು ನೋಡಿದರೆ ನನಗೆ ಹೆದರಿಕೆಯಾಗುತ್ತದೆ.

ನಿನ್ನ ಕಿಟಕಿ ಆರಡಿ ಅಗಲ. ಸಮಾಧಾನವಾಯಿತೇ? ನೀನೇನು ಅರಸನ ಮಗನೇನೋ, ಕಿಟಕಿ ಕಿಟಕಿ ಅಂತ! ಗಾರೆ ಮೇಸ್ತ್ರಿ ನಾಲ್ಕಡಿ ಸಾಕು ಅಂದ. 'ನನ್ನ ತಮ್ಮ ಬಿಲದಲ್ಲಿ ದುಡಿಯೋನು, ಅವನಿಗೆ ಬೆಳಕು ಬೇಕು, ಆರಡಿ ಇಡು' ಅಂದೆ. ಮೊನ್ನೆ ಮಧ್ಯಾಹ್ನ ಅಲ್ಲೇ ನೆಲದ ಮೇಲೆ ಸ್ವಲ್ಪ ಒರಗಿದ್ದೆ. ಬಯಲಿನಿಂದ ಗಾಳಿ ಬಂದು ನಿದ್ದೆ ಹತ್ತಿಬಿಟ್ಟಿತು. ನಿನ್ನ ಭಾವ ಬಂದು 'ಟಿಕೆಟ್, ಟಿಕೆಟ್' ಅಂತ ಎಬ್ಬಿಸಿದರು.

ಅಕ್ಕ


ಆಗಸ್ಟ್ 12

ಅಕ್ಕನಿಗೆ ನಮಸ್ಕಾರ.

ನನ್ನನ್ನು ಆಫೀಸಿಗೆ ಹಾಕಿದ್ದಾರೆ. ಇನ್ನು ಮೇಲೆ ಸುರಂಗದೊಳಗೆ ಹೋಗುವುದಿಲ್ಲ. ಮೇಜು, ಕುರ್ಚಿ, ಫ್ಯಾನು. ಸಂಬಳ ಸ್ವಲ್ಪ ಕಡಿಮೆ. ಹಾಗಾಗಿ ಈ ತಿಂಗಳಿನಿಂದ ಕಳಿಸುವುದೂ ಕಡಿಮೆಯಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ಕೆಲವು ವಿಷಯ ತಿಳಿಸು. ಬಾಗಿಲಿಗೆ ಮೆಟ್ಟಿಲು ಇದೆಯೇ, ನೆಲಮಟ್ಟವೇ? ಕಿಟಕಿ ತೆರೆದರೆ ಗಾಳಿ ಮಂಚದವರೆಗೆ ಬರುತ್ತದೆಯೇ? ನಗರಸಭೆಯವರು ಬಂದಿದ್ದರೇ? ಏನಾದರೂ ತಕರಾರು ಮಾಡಿದ್ದರೆ ಮುಚ್ಚಿಡದೆ ಬರೆ. ನಾನು ಅದೇ ಕಸುಬಿನವನು.

ಪುಟ್ಟ


ಸೆಪ್ಟೆಂಬರ್ 20

ಪುಟ್ಟಾ,

ಕುರ್ಚಿ ಸಿಕ್ಕಿತೇ! ಅಪ್ಪ ಇದ್ದಿದ್ದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಸಂಬಳ ಕಡಿಮೆ ಮಾಡಿ ಬಡ್ತಿ ಕೊಡುವ ಕಂಪನಿಯನ್ನು ನಾನು ಇದೇ ಮೊದಲು ನೋಡುತ್ತಿರುವುದು. ನಿನ್ನ ಭಾವ ಹೇಳುತ್ತಾರೆ: 'ಕೂತು ಕೂತು ಹೊಟ್ಟೆ ಬರುತ್ತೆ, ಬಾಗಿಲು ದೊಡ್ಡದು ಮಾಡಿಸೋಣ್ವಾ ಕೇಳು.'

ಇಲ್ಲಿ ಎಲ್ಲ ಸುಸೂತ್ರ. ಸಾಲುಮನೆಯ ಹೊಸ ಮಾಲೀಕ ನೀರು ನಿಲ್ಲಿಸಿದ. ಅದಕ್ಕೇ ಬಣ್ಣ ಒಣಗುವುದಕ್ಕೂ ಕಾಯದೆ ಮೂರೂ ಸಂಸಾರ ಇಲ್ಲಿಗೇ ಬಂದುಬಿಟ್ಟಿದ್ದೇವೆ. ನಗರಸಭೆಯವನೂ ಬಂದು ನೋಡಿಕೊಂಡು ಹೋದ. ಏನೋ ಒಂದಿಷ್ಟು ಗೊಣಗಿದ, ಅವರ ಕೆಲಸವೇ ಅದು. ಪ್ರಮಾಣಪತ್ರ ಬರುತ್ತದೆ. ಕೆಳಗಡೆ ಸ್ವಲ್ಪ ಇಟ್ಟಿಗೆ ಕೆಲಸ ಇತ್ತು, ಅದೂ ಮುಗಿಯಿತು.

ನಿನ್ನ ಬಾಗಿಲು ನೆಲಮಟ್ಟವೇ. ಗಾಳಿಯಂತೂ ಕೇಳಬೇಡ. ಗೋಡೆಗೆ ಒಂದು ಕ್ಯಾಲೆಂಡರು ಸಿಕ್ಕಿಸಿದ್ದೇನೆ, ಕಿಟಕಿಯ ಗಾಳಿಗೆ ಅದು ತಾನೇ ತಾನಾಗಿ ತಿಂಗಳು ತಿರುವಿಕೊಳ್ಳುತ್ತದೆ. ಮಂಚ ಎಲ್ಲಿ ಹಾಕಿದರೂ ಗಾಳಿ ಬರುತ್ತದೆ. ನೀನು ನಿಶ್ಚಿಂತೆಯಿಂದಿರು.

ಅಕ್ಕ


ನವೆಂಬರ್ 6

ಅಕ್ಕನಿಗೆ ನಮಸ್ಕಾರ.

ಈ ಕಾಗದವನ್ನು ಭಾವನ ಎದುರಿಗೆ ಓದು, ಒಬ್ಬಳೇ ಓದಬೇಡ.

ಕುರ್ಚಿ ಬಡ್ತಿಯಲ್ಲ. ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆ. ಹೋದ ವರ್ಷವೇ ಶುರುವಾಗಿತ್ತು, ಶೀತ ಅಂದುಕೊಂಡೆ. ನಿನಗೂ ಹಾಗೇ ಬರೆದೆ. ಆಮೇಲೆ ಶೀತವಲ್ಲ ಅಂತ ಗೊತ್ತಾದ ಮೇಲೂ ತಿಳಿಸಲಿಲ್ಲ. ನೀನು ಇಟ್ಟಿಗೆ ಲೆಕ್ಕದಲ್ಲಿ ಮುಳುಗಿದ್ದೆ, ಅದರ ಮೇಲೆ ಇದನ್ನೂ ಹೊರಿಸುವುದು ಬೇಡ ಅನ್ನಿಸಿತು. ಈಗ ಹತ್ತು ಹೆಜ್ಜೆ ನಡೆದರೆ ನಿಲ್ಲಬೇಕು. ವಾಸಿಯಾಗುವ ಕಾಯಿಲೆಯಲ್ಲ. ಗಾಳಿಯಾಡುವ ಕೋಣೆ ಇರಬೇಕು, ಮೆಟ್ಟಿಲು ಹತ್ತಬಾರದು, ಹಾಗಿದ್ದರೆ ಸ್ವಲ್ಪ ಕಾಲ ಸಿಗುತ್ತದೆ ಅಂದರು ಡಾಕ್ಟರು.

ಇಂಥವರಿಗಾಗಿ ಕಂಪನಿಯದು ಬೆಟ್ಟದ ಮೇಲೆ ಒಂದು ಆಸ್ಪತ್ರೆ ಇದೆ. ಅಲ್ಲಿ ಒಂದು ಹಾಸಿಗೆ ಖಾಲಿಯಾಗಿತ್ತು. ನನ್ನನ್ನೇ ಮೊದಲು ಕೇಳಿದರು. ನಾನು ಬೇಡ ಅಂದೆ. ನನಗೆ ಸ್ವಂತ ಮನೆ ಇದೆ, ಬಯಲಿನ ಕಡೆಗೆ ಆರಡಿ ಕಿಟಕಿ ಇದೆ, ಅಕ್ಕ ಇದ್ದಾಳೆ ಅಂದೆ. ಆ ಹಾಸಿಗೆಗೆ ನನ್ನ ಜೊತೆಯವನೊಬ್ಬ ಹೋದ.

ಡಿಸೆಂಬರ್ ಹದಿನೈದಕ್ಕೆ ಇಲ್ಲಿಯ ಕೋಣೆ ಬಿಡಬೇಕು. ಬರುತ್ತಿದ್ದೇನೆ. ನನಗಾಗಿ ಏನೂ ಕೊಳ್ಳಬೇಡ. ಆ ಕಿಟಕಿಯ ಪಕ್ಕ ಒಂದು ಮಂಚ ಹಾಕಿಡು, ಅಷ್ಟೇ.

ಪುಟ್ಟ


ನವೆಂಬರ್ 19

ನನ್ನ ಪುಟ್ಟಾ,

ಈ ಕಾಗದ ಬರೆಯಲು ಕೂತು ಎಷ್ಟು ಹಾಳೆ ಹರಿದೆನೋ. ನಿನ್ನ ಕಾಗದ ಓದಿ ನಿನ್ನ ಭಾವ ಗೋಡೆಗೆ ಮುಖ ಮಾಡಿ ಕೂತವರು ಊಟಕ್ಕೂ ಏಳಲಿಲ್ಲ. ನಾನು ಹೇಳಿಬಿಡುತ್ತೇನೆ. ಬೈಯುವುದಿದ್ದರೆ ಬೈ, ಹೊಡೆಯುವುದಿದ್ದರೆ ಬಂದು ಹೊಡೆ.

ಆ ಕಿಟಕಿ ಇಲ್ಲ.

ನಕ್ಷೆಯಲ್ಲಿ ಉಗ್ರಾಣ ಅಂತ ತೋರಿಸಿದ್ದು ನಿನ್ನ ಮನೆಯನ್ನೇ. ತಾರಸಿಯದನ್ನು ತೋರಿಸಬಹುದಿತ್ತು, ನೀನೇ ಬರೆದಿದ್ದೆ. ತಾರಸಿಯದು ನನ್ನದು. ಉಗ್ರಾಣಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ನಮಗೆ, ನರ್ಸಮ್ಮನಿಗೆ, ಕತ್ತರಿಗೆ ಸಾಲವಿಲ್ಲದೆ ಗತಿಯಿಲ್ಲ. ಕೈಯಿಂದ ದುಡ್ಡು ಹಾಕಿದವನು ನೀನೊಬ್ಬನೇ. ಬೇರೆಯವರ ಮನೆಯನ್ನು ಉಗ್ರಾಣ ಅಂದರೆ ನಾಳೆ ಜಗಳಕ್ಕೆ ಬರುತ್ತಾರೆ, ಪುಟ್ಟ ನಮ್ಮವನು, ಹೊಟ್ಟೆಗೆ ಹಾಕಿಕೊಳ್ಳುತ್ತಾನೆ ಅಂದುಕೊಂಡೆ. ನಮ್ಮವನು ಅಂತಲೇ ನಿನ್ನ ಕುತ್ತಿಗೆಗೆ ಕೈ ಹಾಕಿದೆ ಕಣೋ.

ಕಿಟಕಿ ಆರಡಿ ಇಟ್ಟದ್ದು ನಿಜ. ನಾನು ಅಲ್ಲಿ ಮಲಗಿದ್ದೂ ನಿಜ. ಪ್ರಮಾಣಪತ್ರ ಬಂದ ಮೇಲೆ ಒಡೆದು ಇಡು ಅಂತ ನೀನು ಬರೆದಿದ್ದೆ, ನಾನು ಆಸೆ ತಡೆಯಲಾರದೆ ಮೊದಲೇ ಇಡಿಸಿಬಿಟ್ಟೆ. ಸೆಪ್ಟೆಂಬರಿನಲ್ಲಿ ನಗರಸಭೆಯವನು ಬಂದು ಟೇಪು ಹಿಡಿದು ಅಳೆದ. 'ಉಗ್ರಾಣದಲ್ಲಿ ಯಾರಮ್ಮಾ ಗಾಳಿ ಕುಡಿಯೋದು, ಬಟ್ಟೆ ಮೂಟೆನಾ?' ಅಂದ. ಅಡುಗೆ ಕಟ್ಟೆ ಒಡೆಸಿದ. ಕಿಟಕಿಗೆ ಇಟ್ಟಿಗೆ ಇಡಿಸಿ ಫೋಟೋ ತೆಗೆದುಕೊಂಡ. ವರ್ಷದೊಳಗೆ ಯಾವಾಗ ಬೇಕಾದರೂ ಬಂದು ನೋಡುತ್ತಾರಂತೆ, ತೆರೆದಿದ್ದರೆ ಇಡೀ ಕಟ್ಟಡದ ಪರವಾನಗಿ ರದ್ದು, ನೀರು, ಕರೆಂಟು ಎಲ್ಲ ಬಂದ್. ಪ್ರಮಾಣಪತ್ರವೂ ಆ ವರ್ಷ ಕಳೆದ ಮೇಲೆಯೇ ಅಂತೆ, ಬ್ಯಾಂಕಿನವರೂ ಕೊನೆಯ ಕಂತನ್ನು ಅಲ್ಲಿಯವರೆಗೆ ಹಿಡಿದಿಟ್ಟಿದ್ದಾರೆ.

ಕ್ಯಾಲೆಂಡರಿನ ಕಾಗದ ನಿನಗೆ ಬರೆದಾಗ ಆ ಗೋಡೆಯ ಗಿಲಾವು ಇನ್ನೂ ಹಸಿಯಾಗಿತ್ತು. ಗಾರೆಯವನಿಗೆ ಕೊಡಲು ಕಾಸಿಲ್ಲದೆ ನಿನ್ನ ಭಾವನೇ ಮೆತ್ತಿದ್ದರು. ನೀನು ಬರುವುದು ಇನ್ನೂ ಎರಡು ಮೂರು ವರ್ಷಕ್ಕೆ, ಅಷ್ಟರಲ್ಲಿ ಒಡೆದರಾಯಿತು ಅಂದುಕೊಂಡೆ. ನಿನಗೆ ಬೇಸರ ಮಾಡಬಾರದು ಅಂತ ಸುಳ್ಳು ಬರೆದೆ. ಆ ಸುಳ್ಳಿನ ಮೇಲೆ ನೀನು ಆಸ್ಪತ್ರೆಯ ಹಾಸಿಗೆ ಬಿಟ್ಟೆ. ಅಯ್ಯೋ ಪುಟ್ಟಾ, ನನ್ನ ಕೈ ಸೇದಿಹೋಗಬಾರದಿತ್ತೇ.

ನಿನ್ನ ಕಾಗದ ಬಂದ ಮಾರನೆಯ ಬೆಳಿಗ್ಗೆ ಸುತ್ತಿಗೆ ತೆಗೆದುಕೊಂಡು ಕೆಳಗೆ ಹೋದೆ. ಎರಡು ಇಟ್ಟಿಗೆ ಬಿದ್ದವು. ಸದ್ದಿಗೆ ನರ್ಸಮ್ಮ ಪಾಳಿ ಮುಗಿಸಿ ಬಂದ ಬಟ್ಟೆಯಲ್ಲೇ ಇಳಿದು ಬಂದಳು. ಹಿಂದೆಯೇ ಕತ್ತರಿ, ಅವನ ಹೆಂಡತಿ, ಅವಳ ಸೊಂಟದಲ್ಲಿ ಕೂಸು. ನಿನ್ನ ವಿಷಯ ಹೇಳಿದೆ. ಕತ್ತರಿ ಬಿದ್ದ ಇಟ್ಟಿಗೆಗಳನ್ನು ಎತ್ತಿ ಗೋಡೆಗೆ ಒರಗಿಸಿಟ್ಟ. ನರ್ಸಮ್ಮನೇ ನನ್ನ ಕೈ ಹಿಡಿದುಕೊಂಡಳು.

'ಅಕ್ಕಾ, ಪುಟ್ಟಣ್ಣ ನನಗೂ ಅಣ್ಣಾನೇ. ಆ ಕಾಯಿಲೆ ಏನು ಮಾಡುತ್ತೆ ಅಂತ ನಿಮಗಿಂತ ನಂಗೇ ಚೆನ್ನಾಗಿ ಗೊತ್ತು. ಆದ್ರೆ ಇದನ್ನ ಒಡೆದ್ರೆ ನಮ್ಮಮ್ಮನ್ನ ಕರ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ನೀವೇ ಹೇಳಿ.'

ಅವಳು ಕೂಗಾಡಿದ್ದರೆ ಹಠಕ್ಕೆ ಬಿದ್ದು ಪೂರ್ತಿ ಒಡೆದುಬಿಡುತ್ತಿದ್ದೆ. ಅವಳು ಕೂಗಾಡಲಿಲ್ಲ. ನಾನು ಸುತ್ತಿಗೆ ಕೆಳಗಿಟ್ಟೆ. ಮಧ್ಯಾಹ್ನ ನಿನ್ನ ಭಾವ ಆ ಎರಡು ಇಟ್ಟಿಗೆಯನ್ನೂ ವಾಪಸ್ ಕೂರಿಸಿದರು.

ನೀನು ನಮ್ಮ ಮನೆಗೆ ಬಾ. ತಾರಸಿಯ ಮನೆ, ನಾಲ್ಕೂ ಕಡೆ ಗಾಳಿ. ಕತ್ತರಿ, ನಿನ್ನ ಭಾವ ನಿನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತಾರೆ. ನಾವಿಬ್ಬರೂ ಕೆಳಗೆ ಆ ಕತ್ತಲಲ್ಲಿ ಮಲಗುತ್ತೇವೆ, ನಮಗೆ ಅದೇ ತಕ್ಕ ಜಾಗ. ಬರುತ್ತೀಯಾ? ಒಂದು ಸಾಲು ಬರೆ.

ಅಕ್ಕ


ಡಿಸೆಂಬರ್ 2

ಅಕ್ಕಾ,

ಭಾವನಿಗೆ ಊಟ ಮಾಡಲು ಹೇಳು.

ಮಾರ್ಚ್‌ನಲ್ಲಿ ನೀನು ಓದಬೇಡ ಅಂದೆಯಲ್ಲ, ನಾನು ಪ್ರತಿ ಹಾಳೆಯನ್ನೂ ಓದಿದ್ದೆ. ಇನ್ನೊಬ್ಬ ಬರೆದ ನಕ್ಷೆ ಕೈಗೆ ಸಿಕ್ಕರೆ ನಾನು ಬಿಡುವವನಲ್ಲ. ಕೆಳಗಡೆ ನನ್ನ ಮನೆಯ ಜಾಗದಲ್ಲಿ ಉಗ್ರಾಣ ಅಂತ ಬರೆದಿತ್ತು, ಹಿಂದಿನ ಗೋಡೆಯಲ್ಲಿ ಒಂದು ಚಿಕ್ಕ ಗವಾಕ್ಷಿ ಬಿಟ್ಟರೆ ಏನೂ ಇರಲಿಲ್ಲ. ಸಹಿ ಹಾಕಿದೆ. ಆಗ ನನಗೆ ಅಷ್ಟೇನೂ ಅನ್ನಿಸಲಿಲ್ಲ, ನನ್ನ ಸಲಹೆಯೇ ತಾನೇ. ಅಕ್ಕನೇ ಬಾಯಿಬಿಟ್ಟು ಹೇಳಲಿ ಅಂತ ಮಾತ್ರ ಕಾದೆ. ಅದಕ್ಕೇ ಕಿಟಕಿಯ ವಿಷಯ ಕೇಳುತ್ತಿದ್ದೆ.

ಆಮೇಲೆ ನಿನ್ನ ಕಾಗದ ಬಂತು, ಕ್ಯಾಲೆಂಡರಿನ ಕಾಗದ. ಇಷ್ಟು ವರ್ಷ ನಕ್ಷೆಗಳ ನಡುವೆಯೇ ಬದುಕಿದವನು ನಾನು. ಉಗ್ರಾಣದ ಗೋಡೆಯಲ್ಲಿ ಆರಡಿ ಕಿಟಕಿ ಇದ್ದರೆ ತಪಾಸಣೆಗೆ ಬಂದವನು ಬಿಡುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ? ಇಟ್ಟಿಗೆ ಕೆಲಸ ಅಂತ ಓದಿದಾಗಲೇ ಗೊತ್ತಾಗಬೇಕಿತ್ತು. ಆದರೂ ನಂಬಿದೆ. ಅಕ್ಕ ಬರೆದಿದ್ದಾಳೆ ಅಂದ ಮೇಲೆ ಗಾಳಿ ಬರುತ್ತಿರಲೇಬೇಕು ಅಂದುಕೊಂಡೆ. ಹಾಸಿಗೆಗೆ ಬೇಡ ಅನ್ನುವಾಗ ಆ ಕಾಗದ ನನ್ನ ಜೇಬಿನಲ್ಲಿತ್ತು. ಅದನ್ನು ನೆನೆದರೆ ಸಿಟ್ಟು ಬರುತ್ತದೆ ಅಕ್ಕಾ, ತುಂಬಾ ಸಿಟ್ಟು ಬರುತ್ತದೆ. ಇಟ್ಟಿಗೆಯ ಮೇಲಲ್ಲ.

ಆಸ್ಪತ್ರೆಯವರನ್ನು ಮತ್ತೆ ಕೇಳಿದೆ. ಈಗ ಜಾಗವಿಲ್ಲ, ಖಾಲಿಯಾದರೆ ತಿಳಿಸುತ್ತೇವೆ ಅಂದರು. ಅಲ್ಲಿ ಹಾಸಿಗೆ ಖಾಲಿಯಾಗುವುದು ಹೇಗೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ತಾರಸಿಯ ಮನೆಗೆ ಬರಲಾರೆ. ನಕ್ಷೆಯಲ್ಲಿ ನೋಡಿದ್ದೇನೆ, ಖರ್ಚು ಉಳಿಸಲು ನೀವು ಮೆಟ್ಟಿಲನ್ನು ಬರೀ ಮೂರಡಿ ಅಗಲ ಇಟ್ಟಿದ್ದೀರಿ, ತಿರುವಿನಲ್ಲಿ ಕುರ್ಚಿ ತಿರುಗುವುದಿಲ್ಲ. ಹೇಗೋ ಒಮ್ಮೆ ಮೇಲೆ ಹೊತ್ತು ಹಾಕಿದರೆ, ಮತ್ತೆ ಇಳಿಸುವುದು ಒಂದೇ ಸಲ.

ಗೋಡೆ ಒಡೆಯಬೇಡ. ನರ್ಸಮ್ಮ ಹೇಳಿದ್ದು ಸರಿ. ಅವಳ ಮೇಲೆ ಮುನಿಸಿಕೊಳ್ಳಬೇಡ, ನಾಳೆ ನನಗೆ ಸೂಜಿ ಚುಚ್ಚುವವಳು ಅವಳೇ.

ಹದಿನಾರರ ಬೆಳಿಗ್ಗೆ ಬರುತ್ತೇನೆ. ಕಂಪನಿಯ ಗಾಡಿ ಮನೆಯವರೆಗೂ ಬಿಡುತ್ತದೆ. ಮುಂದುಗಡೆ ವಾಹನ ನಿಲ್ಲಿಸುವ ಜಾಗಕ್ಕೆ ಮೂರು ಕಡೆ ಗೋಡೆಯಿಲ್ಲ, ನಕ್ಷೆಯಲ್ಲೂ ಇಲ್ಲ. ಅಲ್ಲಿ ಗಾಳಿ ಬರುತ್ತದೆ. ಭಾವನಿಗೆ ಹೇಳಿ ಒಂದು ಕಂಬದ ಪಕ್ಕ ಮಂಚ ಹಾಕಿಸು, ಬಿಸಿಲಿಗೆ ನಿನ್ನ ಹತ್ತಿರ ಇರುವ ಹಳೆಯ ಬಟ್ಟೆ ಯಾವುದಾದರೂ ಕಟ್ಟು. ನಗರಸಭೆಯವನು ಬಂದು ಯಾರಿದು ಅಂತ ಕೇಳಿದರೆ, ನೆಂಟ ಬಂದಿದ್ದಾನೆ, ನಾಲ್ಕು ದಿನ ಇದ್ದು ಹೋಗುತ್ತಾನೆ ಅನ್ನು. ಅದು ಸುಳ್ಳಾಗುವುದಿಲ್ಲ.

ಪುಟ್ಟ